ಮನೆಯ ಕ್ಯಾಮೆರಾ: ಕೊಂಡ ಬೆಲೆ, ತೆರುವ ಬಾಡಿಗೆ

ಮನೆಗೆ ಹಾಕಿಸುವ ಕ್ಯಾಮೆರಾಗೂ ವಿಡಿಯೋ ಡೋರ್‌ಬೆಲ್‌ಗೂ ಇಂದು ಎರಡೆರಡು ಬೆಲೆಗಳಿವೆ. ಮೊದಲನೆಯದು ಪೆಟ್ಟಿಗೆಯ ಮೇಲೆ ಅಚ್ಚಾಗಿರುವ, ಅಂಗಡಿಯಲ್ಲಿ ಚೌಕಾಸಿ ಮಾಡಿ ಒಮ್ಮೆ ಕೊಟ್ಟು ಮುಗಿಸುವ ಬೆಲೆ. ಎರಡನೆಯದು ಉಚಿತ ಬಳಕೆಯ ಮೊದಲ ತಿಂಗಳು ಕಳೆದ ಮೇಲೆ ಮೊಬೈಲಿನ ಪರದೆಯಲ್ಲಿ ಎದುರಾಗುವ, ಅಲ್ಲಿಂದಾಚೆಗೆ ಉಪಕರಣ ಗೋಡೆಯ ಮೇಲಿರುವಷ್ಟು ಕಾಲವೂ ತೆರುತ್ತಲೇ ಇರಬೇಕಾದ ಚಂದಾ. ಚಂದಾ ಕೇಳುವುದೇ ತಪ್ಪೆಂದು ಹೇಳಲಾಗದು, ಏಕೆಂದರೆ ದೃಶ್ಯಗಳನ್ನು ಕಾಪಿಡುವ ಸರ್ವರ್‌ಗಳಿಗೆ, ಅವುಗಳ ವಿದ್ಯುತ್ತಿಗೆ, ಅವನ್ನು ನೋಡಿಕೊಳ್ಳುವ ಎಂಜಿನಿಯರುಗಳಿಗೆ ಕಂಪನಿಯೂ ಪ್ರತಿ ತಿಂಗಳು ಹಣ ಸುರಿಯಬೇಕಾಗುತ್ತದೆ. ಆಕ್ಷೇಪಕ್ಕೆ ಅರ್ಹವಾದದ್ದು, ಚಂದಾ ಕಟ್ಟದಿದ್ದರೆ ಆ ಉಪಕರಣದಿಂದ ಏನೇನು ಸಿಗುವುದಿಲ್ಲ ಎಂಬುದನ್ನು ಮಾರುವ ಹೊತ್ತಿನಲ್ಲಿ ಹೇಳದೆ ಉಳಿಸುವ ಕ್ರಮ. ಕಳ್ಳತನವಾದ ಮರುದಿನ ಬೆಳಗ್ಗೆ ಮನೆಯವರ ಕೈಯಲ್ಲಿ ಹಿಂದಿನ ರಾತ್ರಿಯ ದೃಶ್ಯ ಇರುತ್ತದೆಯೇ, ಇದ್ದರೆ ಅದಕ್ಕಾಗಿ ಐದು ವರ್ಷಗಳಲ್ಲಿ ಒಟ್ಟು ಎಷ್ಟು ಹಣ ತೆತ್ತಂತಾಗುತ್ತದೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಹೊರಟರೆ ಈ ಮಾರುಕಟ್ಟೆಯ ಬಹುಪಾಲು ಗೊಂದಲ ಬಗೆಹರಿಯುತ್ತದೆ.

ಈ ಉಪಕರಣಗಳ ಕೆಲಸವನ್ನು ಮೂರಾಗಿ ಬಿಡಿಸಿ ನೋಡಬೇಕು. ಕ್ಯಾಮೆರಾದ ಎದುರು ಈ ಕ್ಷಣದಲ್ಲಿ ನಡೆಯುತ್ತಿರುವುದನ್ನು ಮೊಬೈಲಿನಲ್ಲಿ ತೋರಿಸುವುದು ನೇರ ನೋಟ. ಯಾರೋ ಚಲಿಸಿದಾಗ ಅಥವಾ ಗಂಟೆ ಒತ್ತಿದಾಗ ಮೊಬೈಲಿಗೆ ಸಂದೇಶ ಕಳುಹಿಸುವುದು ಎಚ್ಚರಿಕೆ. ಕಂಡದ್ದನ್ನು ಆಮೇಲೆ ನೋಡಲು ಸಾಧ್ಯವಾಗುವಂತೆ ಎಲ್ಲಾದರೂ ಬರೆದಿಡುವುದು ದಾಖಲೆ ಅಥವಾ ರೆಕಾರ್ಡಿಂಗ್. ಮೊದಲ ಎರಡನ್ನು ಬಹುತೇಕ ಕಂಪನಿಗಳು ಉಚಿತವಾಗಿಯೇ ಕೊಡುತ್ತವೆ, ಚಂದಾ ಬೀಳುವುದು ಮೂರನೆಯದಕ್ಕೆ. ಆದರೆ ಭದ್ರತೆಯ ದೃಷ್ಟಿಯಿಂದ ಬೆಲೆಬಾಳುವುದು ಈ ಮೂರನೆಯದೇ ಆಗಿದೆ, ಏಕೆಂದರೆ ನೇರ ನೋಟ ಉಪಯೋಗಕ್ಕೆ ಬರಬೇಕಾದರೆ ಕಳ್ಳ ಬಂದ ಗಳಿಗೆಯಲ್ಲಿ ಮನೆಯವರು ಎಚ್ಚರವಾಗಿದ್ದು, ಮೊಬೈಲ್ ಕೈಯಲ್ಲಿ ಹಿಡಿದು, ಅದೇ ಆ್ಯಪ್ ತೆರೆದಿರಬೇಕು.

ಚಂದಾ ಇಲ್ಲದ ಉಪಕರಣ ವಾಸ್ತವದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ರಾತ್ರಿ ಎರಡೂವರೆಗೆ ಗೇಟಿನ ಬಳಿ ಚಲನೆ ಕಂಡುಬಂದಿದೆ ಎಂಬ ಸಂದೇಶ ಮೊಬೈಲಿಗೆ ಬಂದು ಬಿದ್ದಿರುತ್ತದೆ. ಬೆಳಗ್ಗೆ ಎದ್ದವರು ಅದನ್ನು ಒತ್ತಿದಾಗ ದೃಶ್ಯ ತೆರೆದುಕೊಳ್ಳುವ ಬದಲು ಬೀಗದ ಚಿಹ್ನೆಯಿರುವ ಬೂದು ಚೌಕವೊಂದು ಕಾಣಿಸಿ, ಅದರ ಕೆಳಗೆ ಬೇಸಿಕ್, ಪ್ಲಸ್, ಪ್ರೀಮಿಯಂ ಎಂದು ಮೂರು ಪ್ಲಾನ್‌ಗಳು ಸಾಲಾಗಿ ನಿಂತಿರುತ್ತವೆ. ಆ ಕ್ಷಣದಲ್ಲಿ ಗಾಬರಿಯಿಂದ ಹಣ ಕಟ್ಟಿದರೂ ಹಿಂದಿನ ರಾತ್ರಿಯ ದೃಶ್ಯ ಸಾಮಾನ್ಯವಾಗಿ ಮರಳಿ ಸಿಗುವುದಿಲ್ಲ, ಏಕೆಂದರೆ ಚಂದಾ ಇಲ್ಲದ ಖಾತೆಗೆ ದೃಶ್ಯವನ್ನು ಬರೆದಿಟ್ಟೇ ಇರುವುದಿಲ್ಲ. ಕೊಳ್ಳುವಾಗ ಕಂಡಿದ್ದ ಪೆಟ್ಟಿಗೆಯ ಮುಂಭಾಗದಲ್ಲಿ ಚಿತ್ರದ ಸ್ಪಷ್ಟತೆ, ರಾತ್ರಿ ದೃಷ್ಟಿ, ಎರಡೂ ಬದಿಯಿಂದ ಮಾತನಾಡುವ ಸೌಲಭ್ಯ ಇವೆಲ್ಲ ದಪ್ಪಕ್ಷರಗಳಲ್ಲಿದ್ದು, ಕೆಲವು ಸೌಲಭ್ಯಗಳಿಗೆ ಪ್ರತ್ಯೇಕ ಚಂದಾ ಬೇಕು ಎಂಬ ಒಂದು ಸಾಲು ಮಾತ್ರ ಹಿಂಬದಿಯ ಕೆಳ ಅಂಚಿನಲ್ಲಿ, ನಕ್ಷತ್ರ ಚಿಹ್ನೆಯ ಪಕ್ಕದಲ್ಲಿ, ಔಷಧದ ಚೀಟಿಯಷ್ಟು ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಆ ಸಾಲನ್ನು ಅಂಗಡಿಯಲ್ಲೇ, ಹಣ ಕೊಡುವ ಮೊದಲೇ ಓದುವುದು ಕೊಳ್ಳುವವರು ಮಾಡಬೇಕಾದ ಮೊದಲ ಕೆಲಸ.

ಬೆಲೆ ಏರಿದ ಬಗೆ

ಈ ವ್ಯಾಪಾರ ಕ್ರಮ ಬೆಳೆದು ಗಟ್ಟಿಯಾದದ್ದು ಅಮೆರಿಕದಲ್ಲಿ. ಅಲ್ಲಿನ ದರಗಳ ಇತಿಹಾಸವನ್ನು ತಿಳಿದರೆ ಭಾರತದ ಗ್ರಾಹಕರಿಗೆ ಮುಂದೆ ಏನು ಕಾದಿದೆ ಎಂಬ ಅಂದಾಜೂ ಸಿಗುತ್ತದೆ. 2018ರಲ್ಲಿ ಅಮೆಜಾನ್ ಕೊಂಡುಕೊಂಡ ರಿಂಗ್ ಕಂಪನಿಯ ಡೋರ್‌ಬೆಲ್‌ಗೆ ಚಂದಾ ಕಟ್ಟದಿದ್ದರೆ ನೇರ ನೋಟ, ಮಾತು ಮತ್ತು ಎಚ್ಚರಿಕೆ ಮಾತ್ರ ಸಿಗುತ್ತವೆ, ದೃಶ್ಯ ಉಳಿಯುವುದಿಲ್ಲ. ಅದರ ಅತಿ ಕಡಿಮೆ ದರದ ಪ್ಲಾನ್ ಮೊದಲು ತಿಂಗಳಿಗೆ 3 ಡಾಲರ್ ಇದ್ದದ್ದು 2022ರ ಜುಲೈಯಲ್ಲಿ 3.99 ಡಾಲರ್ ಆಯಿತು, 2024ರ ಮಾರ್ಚ್‌ನಲ್ಲಿ 4.99 ಡಾಲರ್ ಆಯಿತು. ಅದೇ ಮಾರ್ಚ್‌ನಲ್ಲಿ ಬ್ರಿಟನ್ನಿನ ಗ್ರಾಹಕರ ದರ 3.49 ಪೌಂಡ್‌ನಿಂದ 4.99 ಪೌಂಡ್‌ಗೆ, ಅಂದರೆ ಒಂದೇ ಏಟಿಗೆ ಶೇ 43ರಷ್ಟು ಏರಿತು. ಗೂಗಲ್‌ನ ನೆಸ್ಟ್ ಕ್ಯಾಮೆರಾಗಳ ಚಂದಾ 2023ರ ನವೆಂಬರ್‌ವರೆಗೆ ವರ್ಷಕ್ಕೆ 60 ಡಾಲರ್ ಇದ್ದು, ಆಗ 80 ಡಾಲರ್‌ಗೆ, 2025ರಲ್ಲಿ 100 ಡಾಲರ್‌ಗೆ ಏರಿತು. ಸುಮಾರು ನೂರು ಡಾಲರ್ ಬೆಲೆಯ ಡೋರ್‌ಬೆಲ್ ಕೊಂಡು, ವರ್ಷಕ್ಕೆ 50 ಡಾಲರ್‌ನಂತೆ ಐದು ವರ್ಷ ಚಂದಾ ಕಟ್ಟಿದವರು ಉಪಕರಣಕ್ಕೆ ನೂರು, ಅದರ ನೆನಪಿಗೆ ಇನ್ನೂರೈವತ್ತು ಡಾಲರ್ ತೆತ್ತಿರುತ್ತಾರೆ. ಚಂದಾದ ದರ ಕೊಳ್ಳುವ ದಿನಕ್ಕೆ ಮಾತ್ರ ಸತ್ಯ ಎಂಬುದನ್ನು ಈ ಅಂಕಿಗಳು ಹೇಳುತ್ತವೆ. ಗೋಡೆಗೆ ಮೊಳೆ ಹೊಡೆದು, ತಂತಿ ಎಳೆದು, ಮನೆಮಂದಿಗೆಲ್ಲ ಅದೇ ಆ್ಯಪ್ ರೂಢಿಯಾದ ಮೇಲೆ ದರ ಏರಿದರೆ ಗ್ರಾಹಕರಿಗೆ ಹಿಂದೆ ಸರಿಯುವುದು ಸುಲಭವಾಗಿರುವುದಿಲ್ಲ.

ದರ ಏರುವುದಕ್ಕಿಂತ ಹೆಚ್ಚು ಕಳವಳಕಾರಿಯಾದದ್ದು, ಉಚಿತವಾಗಿ ಸಿಗುತ್ತಿದ್ದುದನ್ನು ಮಾರಾಟದ ನಂತರ ಚಂದಾದ ಬೇಲಿಯೊಳಗೆ ಎಳೆದುಕೊಳ್ಳುವ ರೂಢಿ. ಕ್ಯಾನರಿ ಎಂಬ ಕಂಪನಿ 2017ರಲ್ಲಿ ತನ್ನ ಉಚಿತ ಗ್ರಾಹಕರ ಕೆಲವು ಸೌಲಭ್ಯಗಳನ್ನು ಹಣ ಕೊಟ್ಟವರಿಗಷ್ಟೇ ಎಂದು ಬದಲಿಸಿತು. ಅಮೆಜಾನ್‌ನದೇ ಆದ ಬ್ಲಿಂಕ್ ಕ್ಯಾಮೆರಾಗಳಲ್ಲಿ 2020ರ ಏಪ್ರಿಲ್ 15ರ ನಂತರ ಸೇರಿದವರಿಗೆ ಕ್ಲೌಡ್ ರೆಕಾರ್ಡಿಂಗ್, ಅಂದರೆ ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರ್‌ಗಳಲ್ಲಿ ದೃಶ್ಯವನ್ನು ಇರಿಸುವ ವ್ಯವಸ್ಥೆ, ಉಚಿತವಾಗಿ ಉಳಿಯಲಿಲ್ಲ. ಏಳು ದಿನಗಳ ಉಚಿತ ರೆಕಾರ್ಡಿಂಗ್ ಕೊಡುತ್ತೇವೆಂದು ಹೇಳಿಯೇ ಹಳೆಯ ಕ್ಯಾಮೆರಾಗಳನ್ನು ಮಾರಿದ್ದ ಆರ್ಲೊ ಕಂಪನಿ ಅದನ್ನು ನಿಲ್ಲಿಸುವುದಾಗಿ ಪ್ರಕಟಿಸಿ, 2023ರ ಆರಂಭದಲ್ಲಿ ಗ್ರಾಹಕರಿಂದ ತೀವ್ರ ವಿರೋಧ ಬಂದ ಮೇಲೆ ತನ್ನ ನಿಲುವನ್ನು ಸಡಿಲಿಸಿತು. ವೈಜ್ ಕಂಪನಿಯ ಪ್ರಸಂಗ ಇನ್ನೊಂದು ಬಗೆಯದು: ಚಲಿಸುತ್ತಿರುವುದು ಮನುಷ್ಯನೋ ಅಲ್ಲವೋ ಎಂದು ಗುರುತಿಸುವ ತಂತ್ರಾಂಶವನ್ನು ಅದು ಎಕ್ಸ್‌ನಾರ್ ಎಂಬ ಸಣ್ಣ ಕಂಪನಿಯಿಂದ ಪಡೆದು ಗ್ರಾಹಕರಿಗೆ ಉಚಿತವಾಗಿ ಕೊಟ್ಟಿತ್ತು, ಆ ಒಪ್ಪಂದ ಮುರಿದು, 2020ರ ಜನವರಿಯಲ್ಲಿ ಎಕ್ಸ್‌ನಾರ್ ಆಪಲ್‌ನ ಪಾಲಾದಾಗ ಸೌಲಭ್ಯವೇ ಕ್ಯಾಮೆರಾಗಳಿಂದ ಮಾಯವಾಯಿತು. ಕೊಂಡ ವಸ್ತು ಕೊಂಡವರ ಗೋಡೆಯ ಮೇಲೆಯೇ ಇರುವಾಗ ಅದರ ಸಾಮರ್ಥ್ಯವನ್ನು ದೂರದಿಂದ ಕಡಿಮೆ ಮಾಡುವ ಅಧಿಕಾರ ಕಂಪನಿಯ ಕೈಯಲ್ಲಿ ಉಳಿದಿರುವುದು ಈ ಉಪಕರಣಗಳ ಮೂಲಭೂತ ದೌರ್ಬಲ್ಯ. ಮಿಕ್ಸಿಯನ್ನೋ ಬೀಗವನ್ನೋ ಕೊಂಡವರಿಗೆ ಈ ಭಯ ಇರಲಿಲ್ಲ.

ಭಾರತದ ಮಾರುಕಟ್ಟೆ ಈ ವಿಷಯದಲ್ಲಿ ಸ್ವಲ್ಪ ಭಿನ್ನವಾಗಿದ್ದು, ಗ್ರಾಹಕರಿಗೆ ಅಷ್ಟರ ಮಟ್ಟಿಗೆ ಅನುಕೂಲಕರವೂ ಆಗಿದೆ. ಸಿಪಿ ಪ್ಲಸ್, ಟಿಪಿ-ಲಿಂಕ್‌ನ ಟ್ಯಾಪೊ, ಶಓಮಿ, ಹೀರೊ ಸಮೂಹದ ಕ್ಯುಬೊ ಮೊದಲಾದ ಹೆಸರುಗಳಲ್ಲಿ ಇಲ್ಲಿ ಮಾರಾಟವಾಗುವ ಬಹಳಷ್ಟು ವೈಫೈ ಕ್ಯಾಮೆರಾಗಳಲ್ಲಿ ಮೆಮೊರಿ ಕಾರ್ಡ್ ಹಾಕುವ ಜಾಗ ಇರುವುದರಿಂದ, ಚಂದಾ ಇಲ್ಲದೆಯೂ ದೃಶ್ಯವನ್ನು ಉಳಿಸಿಕೊಳ್ಳಬಹುದು. ಚಂದಾವನ್ನೇ ಆಧಾರವಾಗಿಸಿಕೊಂಡ ಸೇವೆಗಳೂ ಬಂದಿವೆ. 2022ರಲ್ಲಿ ಏರ್‌ಟೆಲ್ ಆರಂಭಿಸಿದ ಎಕ್ಸ್‌ಸೇಫ್ ಸೇವೆ ಮೊದಲ ಕ್ಯಾಮೆರಾಗೆ ವರ್ಷಕ್ಕೆ 999 ರೂಪಾಯಿ ಎಂದು ದರವನ್ನು ಮೊದಲೇ ಪ್ರಕಟಿಸಿತ್ತು. ಹೀಗೆ ಆರಂಭದಲ್ಲೇ ಹೇಳಿ ಕೇಳುವ ಚಂದಾವನ್ನು ಗುಪ್ತ ವೆಚ್ಚವೆಂದು ಕರೆಯುವುದು ನ್ಯಾಯವಲ್ಲ. ಗುಪ್ತವೆನಿಸುವುದು ಪೆಟ್ಟಿಗೆಯಲ್ಲಿ ಇಲ್ಲದೆ, ಆ್ಯಪ್‌ನ ಒಳಗೆ ಮೂರನೆಯ ಪುಟದಲ್ಲಿ ಮಾತ್ರ ಕಾಣುವ ದರ.

ಲೆಕ್ಕ ಹಾಕುವ ಕ್ರಮ

ಒಟ್ಟು ವೆಚ್ಚವನ್ನು ಅಂದಾಜು ಮಾಡುವಾಗ ತಿಂಗಳ ದರವನ್ನಷ್ಟೇ ನೋಡಿದರೆ ಸಾಲದು. ಚಂದಾ ಒಂದು ಕ್ಯಾಮೆರಾಗೋ ಇಡೀ ಮನೆಗೋ ಎಂಬುದು ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ಮಾಡುತ್ತದೆ. ಉದಾಹರಣೆಗೆ 2,500 ರೂಪಾಯಿಯ ಕ್ಯಾಮೆರಾ, ಅದಕ್ಕೆ ತಿಂಗಳಿಗೆ 150 ರೂಪಾಯಿಯ ಕ್ಲೌಡ್ ಪ್ಲಾನ್ ಎಂದು ಇಟ್ಟುಕೊಳ್ಳೋಣ. ಆನ್‌ಲೈನ್ ಸೇವೆಗಳ ಮೇಲೆ ಶೇ 18ರ ಜಿಎಸ್‌ಟಿ ಇರುವುದರಿಂದ, ತೆರಿಗೆ ಸೇರಿಸದೆ ತೋರಿಸಿದ ದರವಾದರೆ ಅದು 177 ರೂಪಾಯಿ ಆಗುತ್ತದೆ. ವರ್ಷಕ್ಕೆ 2,124 ರೂಪಾಯಿ, ಐದು ವರ್ಷಕ್ಕೆ 10,620 ರೂಪಾಯಿ, ಅಂದರೆ ಕ್ಯಾಮೆರಾದ ಬೆಲೆಯ ನಾಲ್ಕು ಪಟ್ಟಿಗೂ ಹೆಚ್ಚು. ಗೇಟಿಗೆ, ಹಿತ್ತಲಿಗೆ, ಕಾರು ನಿಲ್ಲಿಸುವ ಜಾಗಕ್ಕೆ ಎಂದು ಮೂರು ಕ್ಯಾಮೆರಾ ಹಾಕಿಸಿ, ಮೂರಕ್ಕೂ ಪ್ರತ್ಯೇಕ ಚಂದಾ ಕಟ್ಟಬೇಕಾಗಿ ಬಂದರೆ, 7,500 ರೂಪಾಯಿಯ ಉಪಕರಣಗಳ ಮೇಲೆ ಐದು ವರ್ಷಗಳಲ್ಲಿ 31,860 ರೂಪಾಯಿ ಚಂದಾ ಸಂದಿರುತ್ತದೆ. ಇದೇ ಲೆಕ್ಕವನ್ನು ಕೊಳ್ಳುವ ಮಾದರಿಯ ನಿಜವಾದ ದರಗಳನ್ನು ಹಾಕಿ ಕಾಗದದ ಮೇಲೆ ಒಮ್ಮೆ ಮಾಡಿ ನೋಡುವುದಕ್ಕೆ ಐದು ನಿಮಿಷ ಸಾಕು.

ದರದ ಜೊತೆಗೆ ಆ ದರಕ್ಕೆ ಏನು ಸಿಗುತ್ತದೆ ಎಂಬುದನ್ನೂ ಬಿಡಿಸಿ ಓದಬೇಕು. ಕ್ಲೌಡ್‌ನಲ್ಲಿ ದೃಶ್ಯ ಎಷ್ಟು ದಿನ ಉಳಿದು ತಾನಾಗಿ ಅಳಿಯುತ್ತದೆ ಎಂಬುದು ಪ್ಲಾನ್‌ನಿಂದ ಪ್ಲಾನ್‌ಗೆ ಬದಲಾಗುತ್ತದೆ. ಹದಿನೈದು ದಿನ ಊರಿಗೆ ಹೋಗುವ ಕುಟುಂಬಕ್ಕೆ ಏಳು ದಿನಗಳ ಪ್ಲಾನ್ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ದಿನವಿಡೀ ಬಿಡದೆ ಬರೆದಿಡುವುದಕ್ಕೂ ಚಲನೆಯಾದಾಗ ಮಾತ್ರ ಸಣ್ಣ ತುಣುಕುಗಳಾಗಿ ಬರೆದಿಡುವುದಕ್ಕೂ ಅಜಗಜಾಂತರವಿದೆ. ಅಗ್ಗದ ಪ್ಲಾನ್‌ಗಳು ಬಹುತೇಕ ಎರಡನೆಯ ಬಗೆಯವು. ಬೀದಿ ನಾಯಿ, ಮರದ ನೆರಳು, ಮನುಷ್ಯ ಇವುಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಸೌಲಭ್ಯವನ್ನು ಹಲವು ಕಂಪನಿಗಳು ಮೇಲಿನ ದರ್ಜೆಯ ಪ್ಲಾನ್‌ಗೆ ಕಟ್ಟಿಹಾಕಿವೆ, ಮತ್ತು ಅದಿಲ್ಲದ ಕ್ಯಾಮೆರಾ ರಾತ್ರಿಯೆಲ್ಲ ಬೆಕ್ಕಿಗೂ ನಾಯಿಗೂ ಸಂದೇಶ ಕಳುಹಿಸಿ ಕಳುಹಿಸಿ, ಕೊನೆಗೆ ಮನೆಯವರು ಸಂದೇಶಗಳನ್ನೇ ಬಂದ್ ಮಾಡುವಂತೆ ಮಾಡುತ್ತದೆ. ಅಮೆರಿಕದ ಪ್ಲಾನ್‌ಗಳಲ್ಲಿ ದೊಡ್ಡದಾಗಿ ಹೇಳಿಕೊಳ್ಳುವ, ಅಪಾಯವಾದಾಗ ಅಲ್ಲಿನ ತುರ್ತು ಸೇವೆಗೆ ಕರೆ ಹೋಗುವ ಸೌಲಭ್ಯಕ್ಕೆ ಇಲ್ಲಿ ಬೆಲೆ ತೆರುವ ಅಗತ್ಯವೇ ಇಲ್ಲ.

ಕರ್ನಾಟಕದ ತೋಟಗಳಲ್ಲಿ, ಕೋಳಿ ಫಾರಂಗಳಲ್ಲಿ, ಪಂಪ್‌ಸೆಟ್ ಮನೆಗಳಲ್ಲಿ ಈಚೆಗೆ ಕಾಣಿಸಿಕೊಳ್ಳುತ್ತಿರುವ ಸಿಮ್ ಕ್ಯಾಮೆರಾಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ವೈಫೈ ಇಲ್ಲದ ಕಡೆ ಮೊಬೈಲ್ ನೆಟ್‌ವರ್ಕ್ ಮೂಲಕ ಕೆಲಸ ಮಾಡುವ, ಬಹಳಷ್ಟು ಸಲ ಸೌರಫಲಕದೊಂದಿಗೆ ಬರುವ ಈ ಕ್ಯಾಮೆರಾಗಳನ್ನು ಚಂದಾ ಇಲ್ಲದ ಕ್ಯಾಮೆರಾ ಎಂದು ಮಾರುವುದುಂಟು, ಆದರೆ ಸಿಮ್‌ನ ರೀಚಾರ್ಜೇ ಅದರ ಚಂದಾ. ರೀಚಾರ್ಜ್‌ನ ಅವಧಿ 28 ದಿನಗಳದ್ದಾದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಣ ಹಾಕಬೇಕು. ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದಲ್ಲಿ ಹರಿಯುವ ಸಾಧಾರಣ ಗುಣಮಟ್ಟದ ದೃಶ್ಯವನ್ನು ನೇರವಾಗಿ ನೋಡುತ್ತ ಕುಳಿತರೆ ದಿನದ 2 ಜಿಬಿ ಡೇಟಾ ನಾಲ್ಕೂವರೆ ಗಂಟೆಯೊಳಗೆ ಮುಗಿಯುತ್ತದೆ, ಆಮೇಲೆ ಅಡಕೆ ಒಣಗಿಸಿದ ಅಂಗಳವೂ ಕಾಣುವುದಿಲ್ಲ, ಅಲ್ಲಿಗೆ ಬಂದವರೂ ಕಾಣುವುದಿಲ್ಲ. ಆದ್ದರಿಂದ ಇಂಥ ಕ್ಯಾಮೆರಾಗಳಲ್ಲಿ ದೃಶ್ಯವನ್ನು ಕಾರ್ಡಿನಲ್ಲಿ ಬರೆಯುವಂತೆ ಮಾಡಿ, ಡೇಟಾವನ್ನು ಎಚ್ಚರಿಕೆಯ ಸಂದೇಶಕ್ಕೆ ಮತ್ತು ಅಗತ್ಯವಾದಾಗಿನ ನೇರ ನೋಟಕ್ಕೆ ಮಾತ್ರ ಉಳಿಸಿಕೊಳ್ಳುವುದು ಜಾಣತನ.

ಚಂದಾ ಇಲ್ಲದ ದಾರಿಗಳು

ಅತ್ಯಂತ ಸರಳ ದಾರಿ ಮೆಮೊರಿ ಕಾರ್ಡಿನದು. ಮೇಲೆ ಹೇಳಿದ ಸೆಕೆಂಡಿಗೆ ಒಂದು ಮೆಗಾಬಿಟ್ ಲೆಕ್ಕದಲ್ಲಿ ಬಿಡದೆ ಬರೆದರೆ ದಿನಕ್ಕೆ ಸುಮಾರು 10.8 ಜಿಬಿ ಬೇಕಾಗುತ್ತದೆ. 128 ಜಿಬಿಯ ಕಾರ್ಡಿನಲ್ಲಿ ಹನ್ನೊಂದು ದಿನಗಳಷ್ಟು ದೃಶ್ಯ ಹಿಡಿಯುತ್ತದೆ, ಜಾಗ ತುಂಬಿದಾಗ ಹಳೆಯದು ಅಳಿದು ಹೊಸದು ಅದರ ಮೇಲೆ ಕೂರುತ್ತದೆ. ಚಿತ್ರದ ಗುಣಮಟ್ಟ ಹೆಚ್ಚಿದಷ್ಟೂ ದಿನಗಳು ಕಡಿಮೆಯಾಗುತ್ತವೆ, ಚಲನೆಯಾದಾಗ ಮಾತ್ರ ಬರೆಯುವಂತೆ ಮಾಡಿದರೆ ಹಲವು ಪಟ್ಟು ಹೆಚ್ಚುತ್ತವೆ. ಹೀಗೆ ಹಗಲಿರುಳೂ ಬರೆದು ಅಳಿಸುವ ಕೆಲಸಕ್ಕೆ ಫೋಟೊ ಕ್ಯಾಮೆರಾದ ಸಾಧಾರಣ ಕಾರ್ಡ್ ಬೇಗ ಸವೆದು, ಯಾರಿಗೂ ತಿಳಿಯದಂತೆ ಬರೆಯುವುದನ್ನೇ ನಿಲ್ಲಿಸುವುದುಂಟು. ಹೆಚ್ಚು ಬಾಳಿಕೆಯದು ಎಂಬ ಅರ್ಥದಲ್ಲಿ ಹೈ ಎಂಡ್ಯುರೆನ್ಸ್ ಎಂದು ಗುರುತಿಸಿದ ಕಾರ್ಡನ್ನೇ ಕೇಳಿ ಕೊಳ್ಳಬೇಕು, ತಿಂಗಳಿಗೊಮ್ಮೆಯಾದರೂ ಹಳೆಯ ದಿನವೊಂದರ ದೃಶ್ಯ ತೆರೆಯುತ್ತದೆಯೇ ಎಂದು ನೋಡಬೇಕು. ಕಳ್ಳ ಕ್ಯಾಮೆರಾವನ್ನೇ ಕಿತ್ತೊಯ್ದರೆ ಕಾರ್ಡೂ ಅವನ ಪಾಲಾಗುತ್ತದೆ ಎಂಬುದು ಈ ದಾರಿಯ ನಿಜವಾದ ಕೊರತೆ, ಮತ್ತು ಕ್ಲೌಡ್ ಚಂದಾದ ಪರವಾಗಿರುವ ಅತಿ ಬಲವಾದ ವಾದವೂ ಇದೇ. ಕೈಗೆ ಎಟುಕದ ಎತ್ತರದಲ್ಲಿ ಹಾಕಿದ ಕ್ಯಾಮೆರಾಗೆ ಕಾರ್ಡ್ ಸಾಕು. ಎದೆಯೆತ್ತರದಲ್ಲೇ ಇರಬೇಕಾದ ಡೋರ್‌ಬೆಲ್‌ಗೆ, ದೃಶ್ಯವನ್ನು ಮನೆಯೊಳಗಿನ ಪ್ರತ್ಯೇಕ ಪೆಟ್ಟಿಗೆಗೆ ಕಳುಹಿಸುವ ಮಾದರಿ ಆರಿಸುವುದು ಮೇಲು.

ಮೂರು ನಾಲ್ಕು ಕ್ಯಾಮೆರಾ ಬೇಕಾದವರಿಗೆ, ತಾಲ್ಲೂಕು ಕೇಂದ್ರಗಳಲ್ಲೂ ಸಿಸಿಟಿವಿ ಅಂಗಡಿಯವರು ಹಾಕಿಕೊಡುವ ಹಳೆಯ ಕ್ರಮವೇ ಇಂದಿಗೂ ಲಾಭದಾಯಕ. ಡಿವಿಆರ್ ಅಥವಾ ಎನ್‌ವಿಆರ್ ಎಂದು ಕರೆಯುವ, ಒಳಗೆ ಹಾರ್ಡ್ ಡಿಸ್ಕ್ ಇರುವ ರೆಕಾರ್ಡರ್ ಪೆಟ್ಟಿಗೆಯನ್ನು ಬೀರುವಿನಲ್ಲೋ ಅಟ್ಟದ ಮೇಲೋ ಇರಿಸಿ, ಎಲ್ಲ ಕ್ಯಾಮೆರಾಗಳನ್ನೂ ಅದಕ್ಕೆ ಜೋಡಿಸಿದರೆ, ತಿಂಗಳ ಚಂದಾ ಇಲ್ಲದೆ ವಾರಗಟ್ಟಲೆ ದೃಶ್ಯ ಉಳಿಯುತ್ತದೆ. ಮೊದಲ ಖರ್ಚು ಹೆಚ್ಚು, ತಂತಿ ಎಳೆಯುವ ಕೂಲಿ ಬೇರೆ, ಕರೆಂಟ್ ಹೋದಾಗ ನಿಲ್ಲದಂತೆ ಯುಪಿಎಸ್ ಬೇಕು, ಡಿಸ್ಕನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು. ಇಷ್ಟಾದರೂ ಐದು ವರ್ಷದ ಲೆಕ್ಕದಲ್ಲಿ ಈ ಏರ್ಪಾಡು ಹಲವು ಕ್ಯಾಮೆರಾಗಳ ಕ್ಲೌಡ್ ಚಂದಾಕ್ಕಿಂತ ಕಡಿಮೆಗೇ ಬರುತ್ತದೆ. ವೈಫೈ ಕ್ಯಾಮೆರಾ ಕೊಳ್ಳುವವರೂ ಓಎನ್‌ವಿಐಎಫ್ ಎಂಬ ಗುರುತನ್ನು ಹುಡುಕಬೇಕು. 2008ರಲ್ಲಿ ಆಕ್ಸಿಸ್, ಬಾಷ್ ಮತ್ತು ಸೋನಿ ಕಂಪನಿಗಳು ಸೇರಿ ಆರಂಭಿಸಿದ ಈ ಸಾಮಾನ್ಯ ಮಾನಕವನ್ನು ಅನುಸರಿಸುವ ಕ್ಯಾಮೆರಾ ಒಂದು ಕಂಪನಿಯದಾದರೂ ಇನ್ನೊಂದು ಕಂಪನಿಯ ರೆಕಾರ್ಡರ್ ಜೊತೆ ಕೆಲಸ ಮಾಡಬಲ್ಲದು, ಆದ್ದರಿಂದ ಕಂಪನಿ ನಾಳೆ ಚಂದಾ ಏರಿಸಿದರೂ ಕ್ಯಾಮೆರಾ ನಿರುಪಯುಕ್ತವಾಗುವುದಿಲ್ಲ. ಬ್ಯಾಟರಿಯಿಂದ ನಡೆಯುವ ಮಾದರಿಗಳಲ್ಲಿ ಈ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ ಎಂಬುದು ನೆನಪಿನಲ್ಲಿರಬೇಕು.

ಆಪಲ್ ಮೊಬೈಲ್ ಬಳಸುವವರಿಗೆ ನಡುವಿನ ದಾರಿಯೊಂದಿದೆ. ಹೋಮ್‌ಕಿಟ್ ಸೆಕ್ಯೂರ್ ವಿಡಿಯೋ ಎಂಬ ವ್ಯವಸ್ಥೆಗೆ ಹೊಂದುವ ಕ್ಯಾಮೆರಾ ಇದ್ದರೆ, ಫೋಟೊಗಳಿಗಾಗಿ ಈಗಾಗಲೇ ಕಟ್ಟುತ್ತಿರುವ ಐಕ್ಲೌಡ್ ಚಂದಾದಲ್ಲೇ ಹತ್ತು ದಿನಗಳ ದೃಶ್ಯ ಉಳಿಯುತ್ತದೆ, 50 ಜಿಬಿಯ ಪ್ಲಾನ್‌ಗೆ ಒಂದು ಕ್ಯಾಮೆರಾ, 200 ಜಿಬಿಯದಕ್ಕೆ ಐದು. ಇದಕ್ಕೆ ಮನೆಯಲ್ಲಿ ಆಪಲ್ ಟಿವಿ ಅಥವಾ ಹೋಮ್‌ಪಾಡ್ ಇರಬೇಕಾಗುತ್ತದೆ. ಅವನ್ನು ಇದಕ್ಕಾಗಿಯೇ ಕೊಳ್ಳುವುದಾದರೆ ಉಳಿತಾಯವೆಲ್ಲ ಅಲ್ಲಿಗೇ ಹೋಗುತ್ತದೆ.

ತಿಂಗಳ ಶುಲ್ಕವಿಲ್ಲ, ಎಲ್ಲವೂ ಮನೆಯಲ್ಲೇ ಉಳಿಯುತ್ತದೆ ಎಂಬ ಜಾಹೀರಾತನ್ನೂ ಪರೀಕ್ಷಿಸದೆ ನಂಬುವಂತಿಲ್ಲ. ಇದೇ ಮಾತನ್ನು ಹೇಳಿ ಹೆಸರು ಮಾಡಿದ್ದ ಯೂಫಿ ಕ್ಯಾಮೆರಾಗಳು ಎಚ್ಚರಿಕೆಯ ಸಂದೇಶಕ್ಕಾಗಿ ಚಿತ್ರಗಳನ್ನು ಕ್ಲೌಡ್‌ಗೆ ಕಳುಹಿಸುತ್ತಿದ್ದುದು 2022ರ ನವೆಂಬರ್‌ನಲ್ಲಿ ಬಯಲಾಯಿತು. ಕ್ಲೌಡ್ ಚಂದಾ ಕಟ್ಟಿದವರ ಸ್ಥಿತಿಯೂ ನಿಶ್ಚಿಂತೆಯದಲ್ಲ: ರಿಂಗ್ ಸಿಬ್ಬಂದಿಗೆ ಗ್ರಾಹಕರ ಖಾಸಗಿ ದೃಶ್ಯಗಳನ್ನು ನೋಡಲು ಅವಕಾಶವಾಗಿತ್ತೆಂಬ ಆರೋಪದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರ ಮೇ ತಿಂಗಳಲ್ಲಿ ಹೂಡಿದ ಪ್ರಕರಣ 58 ಲಕ್ಷ ಡಾಲರ್ ಪಾವತಿಯ ಒಪ್ಪಂದದಲ್ಲಿ ಮುಗಿಯಿತು. ಮಲಗುವ ಕೋಣೆಯಲ್ಲಾಗಲಿ ಮಕ್ಕಳ ಕೋಣೆಯಲ್ಲಾಗಲಿ ಕ್ಲೌಡ್ ಕ್ಯಾಮೆರಾ ಹಾಕದಿರುವುದೇ ಸೂಕ್ತ.

ಹಣ ತಾನಾಗಿ ಕಡಿತವಾಗುವಾಗ

ಉಚಿತ ಅವಧಿಯನ್ನು ಆರಂಭಿಸುವಾಗಲೇ ಕಾರ್ಡಿನ ಅಥವಾ ಯುಪಿಐನ ವಿವರ ಕೇಳುವ ಆ್ಯಪ್‌ಗಳಲ್ಲಿ, ಅವಧಿ ಮುಗಿದ ದಿನವೇ ಆಟೊಪೇ, ಅಂದರೆ ಗ್ರಾಹಕರು ಮೊದಲೇ ಕೊಟ್ಟ ಒಪ್ಪಿಗೆಯ ಆಧಾರದಲ್ಲಿ ಖಾತೆಯಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆ, ಚಾಲೂ ಆಗುತ್ತದೆ. ರಿಸರ್ವ್ ಬ್ಯಾಂಕಿನ ನಿಯಮಗಳ ಪ್ರಕಾರ 2021ರ ಅಕ್ಟೋಬರ್‌ನಿಂದ ಇಂಥ ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಬರಬೇಕು, ಮತ್ತು ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯುವ ಅವಕಾಶ ಇರಬೇಕು. ಆದರೆ ಇಂಥ ಚಂದಾಗಳಲ್ಲಿ 15,000 ರೂಪಾಯಿವರೆಗಿನ ಕಡಿತಕ್ಕೆ ಪ್ರತಿ ಸಲ ಒಟಿಪಿ ಬೇಕಾಗುವುದಿಲ್ಲವಾದ್ದರಿಂದ, ನೂರಿನ್ನೂರು ರೂಪಾಯಿಯ ಕ್ಯಾಮೆರಾ ಚಂದಾ ಬ್ಯಾಂಕಿನ ಹತ್ತಾರು ಸಂದೇಶಗಳ ನಡುವೆ ವರ್ಷಗಟ್ಟಲೆ ಗಮನಕ್ಕೆ ಬಾರದೆ ಹೋಗಬಹುದು. ಕ್ಯಾಮೆರಾ ಕೆಟ್ಟುಹೋದ ಮೇಲೂ, ಆ್ಯಪ್ ಅಳಿಸಿ ಹಾಕಿದ ಮೇಲೂ ಚಂದಾ ನಿಲ್ಲುವುದಿಲ್ಲ. ಅದನ್ನು ಕಟ್ಟಿದ ಜಾಗದಲ್ಲೇ ನಿಲ್ಲಿಸಬೇಕು: ಗೂಗಲ್ ಪ್ಲೇ ಅಥವಾ ಆಪ್ ಸ್ಟೋರ್ ಮೂಲಕ ಕಟ್ಟಿದ್ದರೆ ಅಲ್ಲಿನ ಚಂದಾಗಳ ಪಟ್ಟಿಯಲ್ಲಿ, ಯುಪಿಐ ಆಟೊಪೇ ಆಗಿದ್ದರೆ ಆ ಯುಪಿಐ ಆ್ಯಪ್‌ನ ಆಟೊಪೇ ವಿಭಾಗದಲ್ಲಿ, ಕಾರ್ಡಿನಿಂದಾದರೆ ಬ್ಯಾಂಕಿನ ಜಾಲತಾಣದಲ್ಲಿ.

ಹಣ ಕಟ್ಟಿ ಕೊಂಡ ಉಪಕರಣ ಇನ್ನಷ್ಟು ಹಣ ಕಟ್ಟದೆ ಕೆಲಸ ಮಾಡದಿದ್ದಾಗ ಗ್ರಾಹಕರು ಕಾನೂನಿನ ಬಲವಿಲ್ಲದೆ ನಿಂತಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳು ಡಾರ್ಕ್ ಪ್ಯಾಟರ್ನ್ ಎಂದು ಕರೆಯುವ, ಅಂದರೆ ಪರದೆಯ ವಿನ್ಯಾಸದ ಮೂಲಕವೇ ಗ್ರಾಹಕರನ್ನು ದಾರಿ ತಪ್ಪಿಸುವ, ಹದಿಮೂರು ತಂತ್ರಗಳನ್ನು ನಿಷೇಧಿಸಿವೆ. ಚಂದಾ ರದ್ದು ಮಾಡುವ ದಾರಿಯನ್ನು ಜಟಿಲಗೊಳಿಸುವುದು ಮತ್ತು ಉಚಿತ ಚಂದಾಕ್ಕೆ ಪಾವತಿ ವಿವರ ಕೊಡುವಂತೆ ಬಲವಂತ ಮಾಡುವುದು ಅಲ್ಲಿ ಚಂದಾ ಬಲೆ ಎಂಬ ತಲೆಬರಹದಡಿ ಬರುತ್ತವೆ. ಬೆಲೆಯನ್ನು ಹನಿಹನಿಯಾಗಿ ಹೊರಗೆಡಹುವ ತಂತ್ರದ ವಿವರಣೆಯಲ್ಲಿ, ಈಗಾಗಲೇ ಹಣ ಕೊಟ್ಟಿರುವ ಸೇವೆಯನ್ನು ಇನ್ನೇನಾದರೂ ಕೊಳ್ಳುವ ತನಕ ಬಳಸಲು ಬಿಡದಿರುವುದೂ ಸೇರಿದೆ. ಕ್ಯಾಮೆರಾ ಗ್ರಾಹಕರಿಗೆ ಈ ಕೊನೆಯ ವಾಕ್ಯ ತುಂಬ ಮುಖ್ಯವಾದದ್ದು. ದೂರು ಕೊಡುವವರು ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಎರಡು ವರ್ಷಗಳೊಳಗೆ ಹೋಗಬಹುದು, ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಇದಕ್ಕಾಗಿ ಕೊಳ್ಳುವ ದಿನವೇ ಮಾರಾಟದ ಪುಟದ ಸ್ಕ್ರೀನ್‌ಶಾಟ್, ಪೆಟ್ಟಿಗೆಯ ಎಲ್ಲ ಬದಿಗಳ ಫೋಟೊ ಮತ್ತು ಬಿಲ್ ತೆಗೆದಿಟ್ಟುಕೊಳ್ಳಬೇಕು, ಏಕೆಂದರೆ ಮಾರಾಟದ ಪುಟದ ಮಾತುಗಳು ಕಾಲಕಾಲಕ್ಕೆ ಬದಲಾಗುತ್ತವೆ.

ಕ್ಯಾಮೆರಾದ ದೃಶ್ಯ ಪೊಲೀಸರಿಗೂ ನ್ಯಾಯಾಲಯಕ್ಕೂ ಉಪಯೋಗಕ್ಕೆ ಬರಬೇಕಾದರೆ ಅದು ಆ್ಯಪ್‌ನ ಒಳಗಿದ್ದರೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರವೊಂದನ್ನು ಕೇಳುತ್ತದೆ, ಅದರಲ್ಲಿ ಹ್ಯಾಶ್ ಮೌಲ್ಯ, ಅಂದರೆ ಕಡತ ತಿದ್ದುಪಡಿಯಾಗಿಲ್ಲವೆಂದು ತೋರಿಸುವ ಅಂಕಿ-ಅಕ್ಷರಗಳ ಗುರುತು, ಇರಬೇಕಾಗುತ್ತದೆ. ಆದ್ದರಿಂದ ಘಟನೆಯಾದ ದಿನವೇ ಮೂಲ ಕಡತವನ್ನು ಇಳಿಸಿಕೊಂಡು, ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ ಕುಗ್ಗಿಸದೆ, ಪೆನ್ ಡ್ರೈವ್‌ನಲ್ಲಿ ಇರಿಸಬೇಕು. ಕೆಲವು ಪ್ಲಾನ್‌ಗಳಲ್ಲಿ ಚಂದಾ ಮುಗಿದ ಕೂಡಲೇ ಹಳೆಯ ದೃಶ್ಯಗಳನ್ನು ಇಳಿಸಿಕೊಳ್ಳುವ ಅವಕಾಶವೂ ಮುಚ್ಚಿಹೋಗುತ್ತದೆ. ಚಂದಾ ಬಿಡಲು ನಿರ್ಧರಿಸಿದವರು ಮೊದಲು ಬೇಕಾದುದನ್ನು ಇಳಿಸಿಕೊಂಡು ಆಮೇಲೆ ರದ್ದು ಮಾಡುವುದು ಒಳಿತು.

ಉಪಕರಣ ಎಷ್ಟು ವರ್ಷ ಬಾಳುತ್ತದೆ ಎಂಬುದೂ ವೆಚ್ಚದ ಲೆಕ್ಕಕ್ಕೆ ಸೇರಿದ್ದು. 2014ರಲ್ಲಿ ನೆಸ್ಟ್ ಕೊಂಡುಕೊಂಡ ಡ್ರಾಪ್‌ಕ್ಯಾಮ್ ಕ್ಯಾಮೆರಾಗಳು 2024ರ ಏಪ್ರಿಲ್ 8ರಂದು ಸರ್ವರ್ ನಿಂತ ಕಾರಣಕ್ಕೆ ಒಟ್ಟಿಗೇ ಕೆಲಸ ಬಿಟ್ಟವು. ಅದೇ ವರ್ಷದ ನವೆಂಬರ್‌ನಲ್ಲಿ ಫೆಡರಲ್ ಟ್ರೇಡ್ ಕಮಿಷನ್‌ನ ಸಿಬ್ಬಂದಿ ಇಂಟರ್‌ನೆಟ್‌ಗೆ ಜೋಡಿಸುವ 184 ಉಪಕರಣಗಳ ಮಾರಾಟ ಪುಟಗಳನ್ನು ಪರಿಶೀಲಿಸಿದಾಗ, ಸುಮಾರು ಶೇ 89ರಷ್ಟು ಪುಟಗಳಲ್ಲಿ ತಂತ್ರಾಂಶದ ಬೆಂಬಲ ಎಷ್ಟು ಕಾಲ ಎಂಬ ಮಾಹಿತಿಯೇ ಇರಲಿಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಈ ಅವಧಿಯನ್ನು ತಯಾರಕರು ಪ್ರಕಟಿಸಲೇಬೇಕು. ಭಾರತದಲ್ಲಿ 2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಸುರಕ್ಷತೆಯ ಕಡ್ಡಾಯ ಪರೀಕ್ಷೆ ಜಾರಿಗೆ ಬಂದಿರುವುದು ಸ್ವಾಗತಾರ್ಹ; ಚಂದಾ ಇಲ್ಲದೆ ಏನು ಸಿಗುತ್ತದೆ ಎಂಬುದನ್ನೂ ಪೆಟ್ಟಿಗೆಯ ಮುಂಭಾಗದಲ್ಲೇ ಅಚ್ಚು ಮಾಡಿಸುವ ನಿಯಮ ಇದರ ಜೊತೆಗೆ ಬರಬೇಕಾಗಿದೆ.

ಹೊರದೇಶದಲ್ಲೋ ಹೊರ ಊರಿನಲ್ಲೋ ಇದ್ದು, ಮೈಸೂರಿನಲ್ಲೋ ಶಿರಸಿಯಲ್ಲೋ ಇಬ್ಬರೇ ಇರುವ ತಂದೆತಾಯಿಯರ ಮನೆಗೆ ಕ್ಯಾಮೆರಾ ಹಾಕಿಸುವ ಮಕ್ಕಳು ಇನ್ನೊಂದು ಸಂಗತಿ ಗಮನಿಸಬೇಕು. ಹೊರದೇಶದಿಂದ ಕೊಂಡು ತಂದ ಉಪಕರಣದ ಚಂದಾ ಡಾಲರ್‌ನಲ್ಲೋ ಪೌಂಡ್‌ನಲ್ಲೋ ಬೀಳುತ್ತದೆ, ಕೆಟ್ಟರೆ ಇಲ್ಲಿ ರಿಪೇರಿಯೂ ವಾರಂಟಿಯೂ ದೊರೆಯುವುದು ಕಷ್ಟ. ಇಲ್ಲಿನ ಅಂಗಡಿಯಲ್ಲಿ ಕೊಂಡ, ಕಾರ್ಡ್ ಅಥವಾ ರೆಕಾರ್ಡರ್ ಇರುವ ಕ್ಯಾಮೆರಾ ದೂರದಿಂದ ನೋಡುವುದಕ್ಕೂ ಸಾಕಾಗುತ್ತದೆ. ಖಾತೆಯನ್ನು ಯಾರ ಹೆಸರಿನಲ್ಲಿ ತೆರೆದರೂ, ಚಂದಾ ನವೀಕರಣದ ದಿನಾಂಕವನ್ನೂ ಪಾಸ್‌ವರ್ಡನ್ನೂ ಮನೆಯಲ್ಲಿರುವ ಹಿರಿಯರಿಗೆ ಅಥವಾ ಹತ್ತಿರದ ನಂಬಿಕಸ್ಥ ನೆಂಟರಿಗೆ ಬರೆದುಕೊಟ್ಟು, ದೃಶ್ಯವನ್ನು ಹಿಂದಕ್ಕೆ ತಿರುಗಿಸಿ ನೋಡುವುದು ಹೇಗೆ, ಪೊಲೀಸರು ಕೇಳಿದರೆ ಇಳಿಸಿಕೊಡುವುದು ಹೇಗೆ ಎಂಬುದನ್ನು ಅವರ ಕೈಯಿಂದಲೇ ಒಮ್ಮೆ ಮಾಡಿಸಿ ನೋಡಬೇಕು.